ಚುಕ್ಕಿ ಕೋಟಿ ಇದ್ದರೇನು, ಬೆಳಕು ಓರೆಯಾಗದಿದ್ದರೆ?

ಬಳ್ಳಾರಿಯ ಯಾವ ಮೊಬೈಲು ಅಂಗಡಿಯ ಮುಂದಾದರೂ ಹತ್ತು ನಿಮಿಷ ನಿಂತರೆ ಇಂಥದೊಂದು ಮಾತುಕತೆ ಕಿವಿಗೆ ಬೀಳುತ್ತದೆ.

‘ಅಪ್ಪಾ, ಇದ್ರಾಗ ಇನ್ನೂರು ಮೆಗಾಪಿಕ್ಸೆಲ್ ಐತೆ. ಫೋಟೊ ಭಾಳ ಕ್ಲಿಯರ್ ಬರ್ತಾವ.’

‘ನಮ್ಮ ಹಳೇದ್ರಾಗ ಹನ್ನೆರಡು ಇತ್ತಲ್ಲಪ್ಪಾ. ಅದ್ರಾಗ ನಿನ್ನ ಮುಖ ಕಾಣ್ತಿದ್ದಿಲ್ಲೇನು?’

ಮಗನ ಮಾತು ಪೂರ್ತಿ ಸುಳ್ಳಲ್ಲ, ಅಪ್ಪನ ಸಂದೇಹ ಪೂರ್ತಿ ಹಳೇ ಕಾಲದ್ದೂ ಅಲ್ಲ. ಇಬ್ಬರಲ್ಲಿ ಯಾರ ಮಾತು ಎಷ್ಟು ಸರಿ ಎಂದು ತಿಳಿಯಲು ಅಂಗಡಿಯವನನ್ನು ಕೇಳಿದರೆ ಸಾಲದು. ಊರಾಚೆಯ ಒಂದು ಗುಡ್ಡದ ಬಳಿ ಹೋಗಬೇಕು.

ಬಳ್ಳಾರಿಗೆ ಸಮೀಪದ ಸಂಗನಕಲ್ಲು–ಕಪ್ಪಗಲ್ಲು ಬೆಟ್ಟಗಳು ದಕ್ಷಿಣ ಭಾರತದ ನವಶಿಲಾಯುಗದ ಹೆಸರಾಂತ ನೆಲೆ. ಅಲ್ಲಿನ ಹಿರೇಗುಡ್ಡದಲ್ಲಿ ಡಾಲರೈಟ್ ಎಂಬ ಕಪ್ಪು ಶಿಲೆಯ ಬಂಡೆಗಳ ಸಾಲೊಂದಿದೆ. ಅದರ ಮೇಲೆ ಕಲ್ಲಿನಿಂದ ಕುಟ್ಟಿ ಮೂಡಿಸಿದ ನೂರಾರು ಚಿತ್ರಗಳಿವೆ: ಉದ್ದ ಕೊಂಬಿನ ಎತ್ತುಗಳು, ಮನುಷ್ಯರು, ಇನ್ನೂ ಏನೇನೋ. ಕೆಲವು ಸಾವಿರಾರು ವರ್ಷ ಹಳೆಯವು, ಕೆಲವು ಅನಂತರದವು. ಸಣ್ಣ ಕಲ್ಲಿನಿಂದ ಬಡಿದರೆ ಜಾಗಟೆಯಂತೆ ದನಿಗೊಡುವ ಬಂಡೆಗಳೂ ಅಲ್ಲಿವೆ.

ಈ ಚಿತ್ರಗಳ ವಿಷಯವನ್ನು ಎಫ್. ಫಾಸೆಟ್ ಎಂಬುವರು 1892ರಲ್ಲಿ ‘ಏಷ್ಯಾಟಿಕ್ ಕ್ವಾರ್ಟರ್ಲಿ ರಿವ್ಯೂ’ ಪತ್ರಿಕೆಯಲ್ಲಿ ಬರೆದರು. ಆ ಕಾಲದಲ್ಲಿ ತೆಗೆದು ಲಂಡನ್ನಿನ ರಾಯಲ್ ಆಂತ್ರಪಾಲಜಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಇಟ್ಟಿದ್ದ ಕೆಲವೇ ಫೋಟೊಗಳು ಕಾಲ ಕಳೆದಂತೆ ಮಸುಕಾದವು. 1951ರಲ್ಲಿ ಡಿ. ಎಚ್. ಗಾರ್ಡನ್ ಮತ್ತೆ ಇವುಗಳ ಬಗ್ಗೆ ಬರೆದರು. 2004ರಲ್ಲಿ ಕೇಂಬ್ರಿಜ್‌ನ ನಿಕೋಲ್ ಬೊವಿನ್ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಿಂದ ಈ ಬಂಡೆಗಳು ಜಗತ್ತಿನ ಗಮನಕ್ಕೆ ಬಂದವು. ಆ ಹೊತ್ತಿಗೆ ಕಲ್ಲು ಗಣಿಗಾರಿಕೆಯಿಂದ ಗುಡ್ಡಕ್ಕೇ ಅಪಾಯ ಬಂದಿತ್ತು. ಒಂದು ಬಂಡೆ ಜಲ್ಲಿಯಾದರೆ ಅದರ ಮೇಲಿನ ಎತ್ತು ಉಳಿಯುವುದು ಫೋಟೊದಲ್ಲಿ ಮಾತ್ರ. ಆ ಫೋಟೊದಲ್ಲಿ ಕೊಂಬಿನ ತುದಿ ಕಾಣಿಸುತ್ತದೋ ಇಲ್ಲವೋ ಎಂಬ ಪ್ರಶ್ನೆ ಆಗ ಬರಿ ಹವ್ಯಾಸದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಇನ್ನು ಚುಕ್ಕಿಗಳ ಲೆಕ್ಕ. ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮಿನ ಜಾಗದಲ್ಲಿ ಬೆಳಕು ಗ್ರಹಿಸುವ ಸಣ್ಣ ಸಣ್ಣ ಕೋಶಗಳ ಹಾಸು ಇರುತ್ತದೆ. ಒಂದೊಂದು ಕೋಶಕ್ಕೆ ಒಂದೊಂದು ಚುಕ್ಕಿ. ಹತ್ತು ಲಕ್ಷ ಚುಕ್ಕಿ ಸೇರಿದರೆ ಒಂದು ಮೆಗಾಪಿಕ್ಸೆಲ್. ಕೊಡ್ಯಾಕ್ ಕಂಪನಿಯ ಸ್ಟೀವನ್ ಸ್ಯಾಸನ್ 1975ರಲ್ಲಿ ತಯಾರಿಸಿದ ಮೊದಲ ಡಿಜಿಟಲ್ ಕ್ಯಾಮೆರಾದಲ್ಲಿ ಇದ್ದದ್ದು ಬರೀ 10 ಸಾವಿರ ಚುಕ್ಕಿ. ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಇಳಿಸಲು ಅದಕ್ಕೆ 23 ಸೆಕೆಂಡು ಬೇಕಿತ್ತು. 2012ರಲ್ಲಿ ಬಂದ ನಿಕಾನ್ ಡಿ 800 ಕ್ಯಾಮೆರಾದಲ್ಲಿ 3 ಕೋಟಿ 60 ಲಕ್ಷಕ್ಕೂ ಹೆಚ್ಚು ಚುಕ್ಕಿಗಳಿದ್ದವು.

ಆದರೆ ಚುಕ್ಕಿ ಹೆಚ್ಚಿದಷ್ಟೇ ಪಟ್ಟು ವಿವರ ಹೆಚ್ಚುವುದಿಲ್ಲ. ಚಿತ್ರಕ್ಕೆ ಉದ್ದ ಇದೆ, ಅಗಲವೂ ಇದೆ. 12 ಮೆಗಾಪಿಕ್ಸೆಲ್ ಎಂದರೆ ಅಡ್ಡಕ್ಕೆ 4000, ಉದ್ದಕ್ಕೆ 3000 ಚುಕ್ಕಿ. 48 ಮೆಗಾಪಿಕ್ಸೆಲ್ ಎಂದರೆ 8000 ಮತ್ತು 6000. ಚುಕ್ಕಿ ನಾಲ್ಕು ಪಟ್ಟಾದರೂ ಗೆರೆಯ ಸೂಕ್ಷ್ಮತೆ ಎರಡು ಪಟ್ಟು ಮಾತ್ರ. 200 ಮೆಗಾಪಿಕ್ಸೆಲ್ಲಿನ ಫೋನುಗಳು ಸಾಮಾನ್ಯವಾಗಿ 16 ಕೋಶಗಳನ್ನು ಕೂಡಿಸಿ ಒಂದು ಚುಕ್ಕಿ ಮಾಡುತ್ತವೆ; ಕೈಗೆ ಬರುವುದು ಸುಮಾರು 12 ಮೆಗಾಪಿಕ್ಸೆಲ್ಲಿನ ಚಿತ್ರ. ಅಪ್ಪನ ಹಳೇ ಫೋನಿನ ಸಂಖ್ಯೆಯೂ ಅದೇ! ಹೀಗೆ ಕೂಡಿಸಿದ್ದರಿಂದ ಮಬ್ಬು ಬೆಳಕಿನಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ ಎನ್ನುವುದು ನಿಜ. ಹದಿನೇಳು ಪಟ್ಟು ವಿವರ ಬರುತ್ತದೆ ಎನ್ನುವುದು ನಿಜವಲ್ಲ.

ಬಣ್ಣದಲ್ಲೂ ಒಂದು ಗುಟ್ಟಿದೆ. ಒಂದು ಕೋಶ ಒಂದೇ ಬಣ್ಣವನ್ನು ಅಳೆಯುತ್ತದೆ. ಕೊಡ್ಯಾಕ್‌ನವರೇ ಆದ ಬ್ರೈಸ್ ಬೇಯರ್ ರೂಪಿಸಿ 1976ರಲ್ಲಿ ಪೇಟೆಂಟ್ ಪಡೆದ ಕ್ರಮದಂತೆ ಅರ್ಧ ಕೋಶಗಳು ಹಸಿರಿಗೆ, ಕಾಲುಭಾಗ ಕೆಂಪಿಗೆ, ಕಾಲುಭಾಗ ನೀಲಿಗೆ. ಪ್ರತಿ ಚುಕ್ಕಿಯ ಉಳಿದೆರಡು ಬಣ್ಣಗಳನ್ನು ಅಕ್ಕಪಕ್ಕದ ಕೋಶಗಳಿಂದ ಲೆಕ್ಕ ಹಾಕಿ ತುಂಬಲಾಗುತ್ತದೆ. ಬಳ್ಳಾರಿಯ ಜೀನ್ಸ್ ಬಟ್ಟೆಯಂಥ ಸಣ್ಣ, ಒತ್ತಾದ ನೇಯ್ಗೆ ಎದುರಾದರೆ ಈ ಲೆಕ್ಕ ಒಮ್ಮೊಮ್ಮೆ ತಪ್ಪಿ, ಬಟ್ಟೆಯಲ್ಲಿ ಇಲ್ಲದ ಬಣ್ಣದ ಅಲೆಗಳು ಚಿತ್ರದಲ್ಲಿ ಮೂಡುತ್ತವೆ. ಇದನ್ನು ತಡೆಯಲು ಅನೇಕ ಕ್ಯಾಮೆರಾಗಳಲ್ಲಿ ಚಿತ್ರವನ್ನು ತುಸುವೇ ಮಸುಕು ಮಾಡುವ ಶೋಧಕ ಇಡುತ್ತಿದ್ದರು. ಡಿ 800ರ ಜೊತೆಗೇ ಬಂದ ಡಿ 800ಇ ಎಂಬ ಮಾದರಿಯಲ್ಲಿ ಆ ಪರಿಣಾಮವನ್ನು ರದ್ದು ಮಾಡಿದ್ದರು. ವಿವರ ಹೆಚ್ಚಿತು, ಬಣ್ಣದ ಅಲೆಯ ಭಯವೂ ಹೆಚ್ಚಿತು.

ಚುಕ್ಕಿ ಸಣ್ಣದಾದಷ್ಟೂ ಬೇರೆ ದೋಷಗಳು ದೊಡ್ಡದಾಗಿ ಕಾಣುತ್ತವೆ. ಡಿ 800ರಲ್ಲಿ ಒಂದು ಚುಕ್ಕಿಯ ಅಗಲ ಸುಮಾರು 4.9 ಮೈಕ್ರಾನ್. 50 ಮಿ.ಮೀ. ಮಸೂರ ಹಾಕಿ 10 ಮೀಟರ್ ದೂರದ ಬಂಡೆಯನ್ನು ತೆಗೆದರೆ ಒಂದು ಚುಕ್ಕಿಗೆ ಬಂಡೆಯ ಮೇಲಿನ ಸುಮಾರು ಒಂದು ಮಿಲಿಮೀಟರ್ ಸಿಗುತ್ತದೆ. ಷಟರ್ ತೆರೆದಿರುವ ಕ್ಷಣದಲ್ಲಿ ಕೈ ನಡುಗಿ ಗುರಿ ಎರಡು ಮಿಲಿಮೀಟರ್ ಸರಿದರೆ ಎರಡು ಚುಕ್ಕಿಯಷ್ಟು ಚಿತ್ರ ಕಲಸಿಹೋಗುತ್ತದೆ. ದುಬಾರಿ ಕ್ಯಾಮೆರಾಕ್ಕಿಂತ ಮೊದಲು ಮೂರು ಕಾಲಿನ ಸ್ಟ್ಯಾಂಡು ಕೊಳ್ಳಿರಿ ಎಂದು ಅನುಭವಿಗಳು ಹೇಳುವುದು ಇದಕ್ಕೇ.

ಮಸೂರದ ಕಿಂಡಿಯನ್ನು ತೀರ ಕಿರಿದು ಮಾಡಿದರೂ ಕಷ್ಟ. ಸಣ್ಣ ಕಿಂಡಿಯಲ್ಲಿ ಹಾಯುವ ಬೆಳಕು ಹರಡಿಕೊಳ್ಳುತ್ತದೆ. ಪಿಯುಸಿ ಭೌತಶಾಸ್ತ್ರದಲ್ಲಿ ಬರುವ ವಿವರ್ತನೆ ಇದೇ. ಎಫ್ 16ರಲ್ಲಿ ಒಂದು ಬಿಂದುವಿನ ಬೆಳಕು ಸುಮಾರು 21 ಮೈಕ್ರಾನ್ ಅಗಲದ ಬಿಲ್ಲೆಯಾಗುತ್ತದೆ. ಎಂದರೆ ನಾಲ್ಕು ಚುಕ್ಕಿಗೂ ಮೀರಿದ ಅಗಲ. ಎಫ್ 8ರಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಇದು ನಿಸರ್ಗದ ನಿಯಮ, ಯಾವ ಕಂಪನಿಯೂ ದಾಟಲಾರದು. ಏಪ್ರಿಲ್ ಮಧ್ಯಾಹ್ನ ಬಳ್ಳಾರಿ ಗುಡ್ಡದ ಕೋಟೆ ಹತ್ತಿ ದೂರದ ಬೆಟ್ಟಗಳನ್ನು ತೆಗೆಯುವವರಿಗೆ ಇನ್ನೊಂದು ಅಡ್ಡಿ: ಕಾದ ನೆಲದಿಂದ ಏಳುವ ಬಿಸಿಗಾಳಿ ಚಿತ್ರವನ್ನೇ ಕುಣಿಸುತ್ತದೆ. ಅದಕ್ಕೆ ಮದ್ದು ಒಂದೇ, ಬೆಳಗಿನ ಜಾವ ಎದ್ದು ಹೋಗುವುದು.

ಈ ಲೆಕ್ಕ ಬರಿ ಕಲ್ಲಿಗೆ ಸಂಬಂಧಿಸಿದ್ದಲ್ಲ, ಬೆಳೆಗೂ ಸಂಬಂಧಿಸಿದ್ದು. ತುಂಗಭದ್ರೆಯ ದಡದ ಸಿರುಗುಪ್ಪ ಭತ್ತದ ಸೀಮೆ. ಗದ್ದೆಗೆ ಕಂದು ಜಿಗಿಹುಳು ಬಿತ್ತೆಂದು ಅನುಮಾನ ಬಂದರೆ ಇಂದು ರೈತನ ಮನೆಯಲ್ಲಿ ಮೊದಲು ಫೋನು ಹಿಡಿದು ಓಡುವವರು ಓದುವ ಮಕ್ಕಳು. ಬದುವಿನ ಮೇಲೆ ನಿಂತು 10 ಮೀಟರ್ ಅಗಲದ ಗದ್ದೆಯನ್ನು ತೆಗೆದು ಕೃಷಿ ತಜ್ಞರಿಗೆ ಕಳಿಸುತ್ತಾರೆ. 4000 ಚುಕ್ಕಿಯನ್ನು 10 ಮೀಟರಿಗೆ ಹಂಚಿದರೆ 4 ಮಿಲಿಮೀಟರ್ ಹುಳುವಿನ ಪಾಲಿಗೆ ಬರುವುದು ಎರಡು ಚುಕ್ಕಿಗಿಂತ ಕಡಿಮೆ. 48 ಮೆಗಾಪಿಕ್ಸೆಲ್ ಆದರೂ ಮೂರೇ. ಅದೇ ಹಳೇ ಫೋನನ್ನು ಪೈರಿನ ಬುಡಕ್ಕೆ ಒಯ್ದು 20 ಸೆಂಟಿಮೀಟರ್ ಅಗಲವನ್ನಷ್ಟೇ ತೆಗೆದರೆ 80 ಚುಕ್ಕಿ! ಬೆಂಕಿ ರೋಗದ ಕದಿರಿನಾಕಾರದ ಮಚ್ಚೆ, ಅದರ ಬೂದು ನಡುಭಾಗ, ಕಂದು ಅಂಚು ಎಲ್ಲವೂ ತಜ್ಞರಿಗೆ ಕಾಣುವುದು ಹೀಗೆ ಹತ್ತಿರದಿಂದ ತೆಗೆದಾಗಲೇ. ಅಂದಾಜಿನ ಮೇಲೆ ಔಷಧಿ ಹೊಡೆಯುವುದು ತಪ್ಪಿದರೆ ಆ ಉಳಿತಾಯ ಮಕ್ಕಳ ಫೀಜಿಗಾದರೂ ಆದೀತು.

ಕುರುಗೋಡಿನಲ್ಲಿ ಇನ್ನೊಂದು ಪಾಠವಿದೆ. ದೊಡ್ಡಬಸವೇಶ್ವರನ ಬೃಹತ್ ಏಕಶಿಲಾ ನಂದಿಯಿಂದ ಹೆಸರಾದ ಈ ಊರು ಒಂದು ಕಾಲಕ್ಕೆ ಸಿಂದ ಅರಸರ ನೆಲೆ. ಇಂಥ ಊರುಗಳ ಹಳೆಯ ಶಾಸನಗಳಲ್ಲಿ ಅಕ್ಷರ ಸವೆದಿರುತ್ತದೆ, ಅಕ್ಷರಕ್ಕೂ ಕಲ್ಲಿಗೂ ಬಣ್ಣ ಒಂದೇ. ನಡುಹಗಲಿನ ನೇರ ಬೆಳಕಿನಲ್ಲಿ ಎಷ್ಟು ಕೋಟಿ ಚುಕ್ಕಿಯ ಕ್ಯಾಮೆರಾ ತಂದರೂ ಕಾಣುವುದು ಬರಿ ಕಲ್ಲು. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಪ್ರತಿ ಗೀರಿನ ಒಳಗೂ ನೆರಳು ಕೂತು ಅಕ್ಷರ ಎದ್ದು ಬರುತ್ತದೆ. ಕತ್ತಲ ಮಂಟಪದಲ್ಲಾದರೆ ಪಕ್ಕದಿಂದ ಹಿಡಿದ ಒಂದು ಬ್ಯಾಟರಿ ಸಾಕು. ಶಾಸನದ ಮೇಲೆ ಒದ್ದೆ ಕಾಗದ ಒತ್ತಿ ಮಸಿ ಹಚ್ಚಿ ಅಚ್ಚು ತೆಗೆಯುತ್ತಿದ್ದ ಹಿರಿಯರು ಕ್ಯಾಮೆರಾ ಇಲ್ಲದೆಯೇ ಮಾಡುತ್ತಿದ್ದದ್ದೂ ಇದನ್ನೇ, ಉಬ್ಬುತಗ್ಗನ್ನು ಕಪ್ಪುಬಿಳುಪು ಮಾಡುವುದು. 2001ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನವೂ ಇದೇ ದಾರಿಯದು. ಕ್ಯಾಮೆರಾ ಅಲುಗದಂತೆ ಇಟ್ಟು, ದೀಪವನ್ನು ಬೇರೆ ಬೇರೆ ದಿಕ್ಕಿನಿಂದ ಬೀರಿ ಹತ್ತಾರು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಕೂಡಿಸಿ, ಬೇಕಾದ ಕಡೆಯಿಂದ ಬೆಳಕು ಬಿಟ್ಟು ನೋಡುವುದು.

ಇಲ್ಲೊಂದು ಎಚ್ಚರಿಕೆಯ ಮಾತೂ ಬೇಕು. ಈಗಿನ ಫೋನುಗಳು ಚಿತ್ರವನ್ನು ತಾವೇ ತಿದ್ದುತ್ತವೆ. ಅಂಚುಗಳ ಪಕ್ಕ ಬಿಳಿ ಗೆರೆ ಎಳೆದು ಚೂಪು ಮಾಡುತ್ತವೆ. ಕೆಲವು ಇಲ್ಲದ ವಿವರವನ್ನು ಊಹಿಸಿಯೂ ತುಂಬುತ್ತವೆ. ಮದುವೆ ಫೋಟೊಕ್ಕೆ ಇದರಿಂದ ನಷ್ಟವಿಲ್ಲ. ಆದರೆ ‘ಪ’ ಅಕ್ಷರದ ಒಳಗೆ ಒಂದು ಗೆರೆ ಹೆಚ್ಚಾದರೆ ಅದು ‘ಷ’ ಆಗುತ್ತದೆ. ಕಲ್ಲಿನಲ್ಲಿ ಇಲ್ಲದ ಗೆರೆಯನ್ನು ಯಂತ್ರ ಎಳೆದರೆ ಶಾಸನದ ಅರ್ಥವೇ ಬದಲಾದೀತು. ಕಣ್ಣಿಗೆ ಚೂಪಾಗಿ ಕಂಡದ್ದೆಲ್ಲ ನಿಜವಾದ ವಿವರವಲ್ಲ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ತಿದ್ದದ ಮೂಲ ಚಿತ್ರವನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಜಾಣತನ.

ಹಾಗಾದರೆ ಅಂಗಡಿಯ ಮುಂದೆ ನಿಂತ ಅಪ್ಪ ಏನು ಮಾಡಬೇಕು? ಮನೆಯಲ್ಲಿರುವ ಫೋನಿನ ಮಸೂರವನ್ನು ಮೆತ್ತನೆ ಬಟ್ಟೆಯಿಂದ ಒರೆಸಿ, ಒಂದು ಸಣ್ಣ ಸ್ಟ್ಯಾಂಡು ಕೊಡಿಸಿ, ಭಾನುವಾರ ಸಂಜೆ ಮಗನನ್ನು ಕಪ್ಪಗಲ್ಲಿಗೋ ಕುರುಗೋಡಿಗೋ ಕರೆದೊಯ್ಯಬಹುದು. ಚಿತ್ರ ತೆಗೆಯಲು ಅನುಮತಿ ಬೇಕೇ ಎಂದು ಮೊದಲು ಕೇಳಿಕೊಳ್ಳಬೇಕು. ಕಲ್ಲಿಗೆ ಸೀಮೆಸುಣ್ಣ ಹಚ್ಚಬಾರದು, ನೀರು ಸುರಿಯಬಾರದು. ಪಕ್ಕದಲ್ಲಿ ಒಂದು ಸ್ಕೇಲು ಇಟ್ಟು, ಎರಡು ಸೆಕೆಂಡಿನ ಟೈಮರ್ ಹಾಕಿ ತೆಗೆದು, ಊರು, ದಿನಾಂಕ, ಹೊತ್ತು ಬರೆದಿಟ್ಟು, ಎರಡು ಕಡೆ ಪ್ರತಿ ಉಳಿಸಬೇಕು. ಇಷ್ಟನ್ನೂ ಕಲಿತ ಮೇಲೂ ಹಳೇ ಫೋನು ಸಾಲದು ಎನಿಸಿದರೆ ಹೊಸದನ್ನು ಕೊಡಿಸಲು ಅಡ್ಡಿಯಿಲ್ಲ. ಆಗ ಅದರ ಬೆಲೆಗೆ ತಕ್ಕ ಕೆಲಸ ಅದರಿಂದ ತೆಗೆಯುವುದು ಮಗನಿಗೆ ಗೊತ್ತಿರುತ್ತದೆ.

ಲಂಡನ್ನಿನಲ್ಲಿದ್ದ ಫೋಟೊ ಮಸುಕಾದರೂ ಹಿರೇಗುಡ್ಡದ ಎತ್ತು ಕಲ್ಲಿನಲ್ಲಿ ಉಳಿದಿತ್ತು, ಮತ್ತೆ ಹೋಗಿ ನೋಡಲು ಸಾಧ್ಯವಾಯಿತು. ಮುಂದಿನ ನೂರು ವರ್ಷ ಆ ಬಂಡೆ ಅಲ್ಲೇ ಇರುತ್ತದೆಂದು ಯಾರೂ ಬರೆದುಕೊಡಲಾರರು. ಬಿಸಿಲು ಓರೆಯಾಗುವವರೆಗೆ ಬಂಡೆಯ ಮುಂದೆ ಕಾದು ಕೂತ ಹುಡುಗನ 12 ಮೆಗಾಪಿಕ್ಸೆಲ್ಲಿನ ಚಿತ್ರದಲ್ಲಿ ಅದರ ಕೊಂಬು ತುದಿಯವರೆಗೂ ಇರುತ್ತದೆ.