ಹುಲಿ-ಕುರಿಯ ಲೆಕ್ಕವೂ ಸಜ್ಜೆಯ ಸಲಾಕೆಯೂ

ರೋಣದಲ್ಲಿ ನಮ್ಮ ಸೋದರತ್ತೆಯವರ ಮನೆಯ ಮುಂದಿನ ಕಟ್ಟೆಯ ಹಾಸುಗಲ್ಲಿನ ಮೇಲೆ ಹುಲಿ-ಕುರಿಯಾಟದ ಗೆರೆಗಳನ್ನು ಹಿಂದೆ ಯಾರೋ ಉಳಿಯಿಂದ ಕೊರೆದಿಟ್ಟಿದ್ದಾರೆ. ಕೊರೆದವರು ಯಾರೆಂಬುದು ಮನೆಯವರಿಗೂ ತಿಳಿಯದು. ಆ ಗೆರೆಗಳ ಮೇಲೆ ಹುಣಸೆಯ ಬೀಜಗಳನ್ನಿಟ್ಟು ಆಡಿ ಬೆಳೆದ ಮೊಮ್ಮಗನು ಈಗ ಧಾರವಾಡದಲ್ಲಿ ಗಣಿತದ ಸಂಶೋಧನೆಗೆ ತೊಡಗಿದ್ದಾನೆ. ಅವನು ಆರಿಸಿಕೊಂಡ ವಿಷಯವೂ ಆಟದ ಮನೆಗಳಿಂದ ಹುಟ್ಟಿದ ಗಣಿತವೇ ಆಗಿದೆ. ಅವನ ತಂಗಿಯು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಪದವಿಯನ್ನು ಮುಗಿಸಿ, ಕಬ್ಬಿಣ ಹುದುಗಿಸಿದ ಕಾಂಕ್ರೀಟಿನ ವಿಷಯದಲ್ಲಿ ಮೇಲಣ ಪದವಿಗೆ ಓದುವೆನೆಂದು ಹಟ ಹಿಡಿದಳು. “ಒಬ್ಬಗ ಆಟ, ಒಬ್ಬಾಕಿಗೆ ಗಾರಿ. ಇದಕ್ಕ ನಾ ಹೊಲಾ ಮಾರಬೇಕೇನು?” ಎಂದು ಅವರ ತಂದೆಯವರು ಕೇಳಿದ್ದನ್ನು ನಾವೇ ಕಿವಿಯಾರೆ ಕೇಳಿದೆವು. ಪ್ರಶ್ನೆಯು ನ್ಯಾಯವಾದುದೇ. ಎರಡೆಕರೆ ಎರೆಹೊಲವೆಂದರೆ ಆ ಮನೆಗೆ ವರ್ಷದ ಜೋಳ, ಕಡಲೆ. ಇಂಥ ಮಾತು ನಮ್ಮ ವಾಚಕರಲ್ಲಿ ಅನೇಕರ ಮನೆಗಳಲ್ಲಿ ನಡೆದಿರಬಹುದಾದುದರಿಂದ, ಈ ತಿಂಗಳು ಅದನ್ನೇ ಎತ್ತಿಕೊಳ್ಳುತ್ತೇವೆ.

ಅತ್ತೆಯವರದು ಹಳೆಯ ಮಣ್ಣಿನ ಮಾಳಿಗೆಯ ಮನೆ. ತೊಲೆ, ಜಂತಿ, ಅವುಗಳ ಮೇಲೆ ಸವುಳು ಮಣ್ಣು. ಬೇಸಗೆಯಲ್ಲಿ ಅದರ ತಂಪನ್ನು ಬಲ್ಲವರೇ ಬಲ್ಲರು. ಆದರೆ ಮಳೆಗಾಲ ಬರುವ ಮುಂಚೆ ಪ್ರತಿ ವರ್ಷವೂ ಮಾಳಿಗೆಯೇರಿ ಮಣ್ಣು ಹಾಕಿ ಸರಿಪಡಿಸುವ ಆಳುಗಳು ಈಗ ಸಿಕ್ಕುವುದಿಲ್ಲ. ಆದುದರಿಂದ ಎರಡು ಬೇಸಗೆಗಳ ಹಿಂದೆ ಮುಂದಿನ ಅಂಕಣದ ಮಣ್ಣನ್ನಿಳಿಸಿ ಕಾಂಕ್ರೀಟಿನ ಸ್ಲ್ಯಾಬು ಹಾಕಿಸಿದರು; ಕಟ್ಟೆಯ ಮೇಲೆ ನೆರಳಿರಲೆಂದು ಎರಡೂವರೆ ಅಡಿಯ ಸಜ್ಜೆಯನ್ನೂ ಹೊರಚಾಚಿಸಿದರು. ಆಧಾರದ ಕಂಬಗಳನ್ನು ತೆಗೆದ ದಿನ ನಾವು ಅಲ್ಲಿಯೇ ಇದ್ದೆವು. ಬೆಳಗ್ಗೆ ಕಂಬಗಳನ್ನು ತೆಗೆದರು. ನೆರೆಮನೆಯ ಇಬ್ಬರು ಹುಡುಗರು ಹೊಸ ನೆರಳಿನಲ್ಲಿ ಕುಳಿತು ಹುಲಿ-ಕುರಿ ಹೂಡಿದರು. ಮಧ್ಯಾಹ್ನ ಅವರ ತಾಯಿ ಊಟಕ್ಕೆ ಕೂಗಿದಳು. ಅವರು ಎದ್ದು ಹೋಗಿ ಕೈ ತೊಳೆಯುವಷ್ಟರಲ್ಲಿ ಸಜ್ಜೆಯು ಗೋಡೆಯ ಬುಡದಲ್ಲಿಯೇ ಮುರಿದು ಇಡಿಯಾಗಿ ಕಟ್ಟೆಯ ಮೇಲೆ ಬಿದ್ದಿತು. ಆಟದ ಕಾಯಿಗಳಲ್ಲಿ ಒಂದು ಹುಲಿಯು ಇಂದಿಗೂ ಸಿಕ್ಕಿಲ್ಲ.

ಕಟ್ಟಿದ ಗವಂಡಿಯು ಮೋಸಗಾರನಲ್ಲ. ಸಿಮೆಂಟನ್ನು ಕದ್ದಿರಲಿಲ್ಲ, ಸಲಾಕೆಗಳನ್ನು ಕಡಮೆ ಮಾಡಿರಲಿಲ್ಲ. ರಜೆಗೆ ಬಂದಿದ್ದ ಮೊಮ್ಮಗಳು ಮುರಿದ ತುಂಡನ್ನು ಹೊರಳಿಸಿ ನೋಡಿ, “ಆಯಿ, ರಾಡು ಎಲ್ಲಾ ಕೆಳಗ ಅದಾವ ನೋಡ್ರಿ. ಮ್ಯಾಲ ಇರಬೇಕಾಗಿತ್ತು” ಎಂದಳು. ಹತ್ತು ಮಾಳಿಗೆಗಳಲ್ಲಿ ಸಲಾಕೆಯನ್ನು ಕೆಳಗಿಟ್ಟು ಹೊಗಳಿಸಿಕೊಂಡವನು ಹನ್ನೊಂದನೆಯ ಕಡೆ ಸಜ್ಜೆಯಲ್ಲಿಯೂ ಕೆಳಗೆ ಇಟ್ಟಿದ್ದನು. ಅಷ್ಟೇ.

ಇದರ ಮರ್ಮವನ್ನು ಅಡಿಗೆಮನೆಯ ಸಾಮಗ್ರಿಯಿಂದಲೇ ತಿಳಿಯಬಹುದು. ಕಡಕ್ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಮೇಲೆ ಭಾರವಿಟ್ಟರೆ ತಾಳುತ್ತವೆ. ಒಂದನ್ನು ಕೈಯಲ್ಲಿ ಹಿಡಿದು ಬಗ್ಗಿಸಿದರೆ ಥಟ್ಟನೆ ಮುರಿಯುತ್ತದೆ. ಕಾಂಕ್ರೀಟಿನ ಸ್ವಭಾವವೂ ಇದೇ. ಒತ್ತಿದರೆ ಬಲವುಳ್ಳದ್ದು, ಎಳೆದರೆ ಅದರ ಬಲವು ಸುಮಾರು ಹತ್ತರಲ್ಲೊಂದು ಪಾಲು. ಯಾವುದೇ ವಸ್ತುವು ಬಾಗಿದಾಗ ಒಂದು ಮೈ ಕುಗ್ಗುತ್ತದೆ, ಇನ್ನೊಂದು ಮೈ ಹಿಗ್ಗುತ್ತದೆ. ಎರಡು ಗೋಡೆಗಳ ಮೇಲೆ ಕುಳಿತ ಮಾಳಿಗೆಯು ನಡುವೆ ಜಗ್ಗುವುದರಿಂದ ಎಳೆತವು ಅದರ ಕೆಳಮೈಯಲ್ಲಿರುತ್ತದೆ. ಒಂದೇ ಕಡೆ ಹಿಡಿತವುಳ್ಳ ಸಜ್ಜೆಯು ತುದಿಯಲ್ಲಿ ಜೋಲುವುದರಿಂದ ಎಳೆತವು ಮೇಲ್ಮೈಗೆ ಬರುತ್ತದೆ. ಎಳೆತವಿದ್ದಲ್ಲಿ ಕಬ್ಬಿಣವಿರತಕ್ಕದ್ದು. ೧೮೬೭ರಲ್ಲಿ ಜೋಸೆಫ್ ಮೊನಿಯೆ ಎಂಬ ಫ್ರಾನ್ಸಿನ ತೋಟಗಾರನು ಗಿಡ ನೆಡುವ ತೊಟ್ಟಿಗಳು ಒಡೆಯದಿರಲೆಂದು ಸಿಮೆಂಟಿನೊಳಗೆ ಕಬ್ಬಿಣದ ಜಾಲವನ್ನು ಹುದುಗಿಸಿ ಹಕ್ಕುಪತ್ರವನ್ನು ಪಡೆದನು. ಇಂದಿನ ಮಹಡಿಗಳ ಪೂರ್ವಜರಲ್ಲಿ ಆ ಹೂಕುಂಡವೂ ಒಂದು. ಬಿಸಿಲಿಗೆ ಕಾಂಕ್ರೀಟೂ ಕಬ್ಬಿಣವೂ ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದಲೇ ಈ ದಾಂಪತ್ಯವು ನಡೆದು ಬಂದಿದೆ. ಆದರೆ ಹೊದಿಕೆ ತೆಳುವಾಗಿ ನೀರು ಒಳಹೊಕ್ಕರೆ ಸಲಾಕೆಯು ತುಕ್ಕು ಹಿಡಿಯುತ್ತದೆ; ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳಿಬಿಡುತ್ತದೆ.

ಇಂಥದರಲ್ಲಿ ಸಂಶೋಧನೆ ಮಾಡುವುದಕ್ಕೇನಿದೆಯೆಂದು ನಮಗೂ ಸಂಶಯವಿದ್ದಿತು. ಆ ಹುಡುಗಿಯೊಡನೆ ಒಂದು ಕಾಲೇಜಿನ ಪ್ರಯೋಗಶಾಲೆಯನ್ನು ನೋಡಿ ಬಂದೆವು. ಒಂದು ಮೂಲೆಯಲ್ಲಿ ೧೫೦ ಮಿಲಿಮೀಟರಿನ ಘನಗಳು ೨೮ ದಿನಗಳ ಸ್ನಾನಕ್ಕಾಗಿ ನೀರಿನ ತೊಟ್ಟಿಯಲ್ಲಿ ಮುಳುಗಿ ಕುಳಿತಿದ್ದವು. ನಡುವೆ ಒಂದು ತೊಲೆಯ ಮೇಲೆ ಯಂತ್ರವು ಮೆಲ್ಲಮೆಲ್ಲನೆ ಭಾರವನ್ನು ಹೇರುತ್ತಿದ್ದಿತು. ವಿದ್ಯಾರ್ಥಿಯೊಬ್ಬನು ಹೊಸ ಬಿರುಕು ಮೂಡಿದಾಗಲೆಲ್ಲ ಅದರ ಪಕ್ಕದಲ್ಲಿ ಗೆರೆಯೆಳೆದು ಆಗಿನ ಭಾರವನ್ನು ಬರೆಯುತ್ತಿದ್ದನು. ಮುರಿಯುವುದನ್ನು ಇಷ್ಟು ತಾಳ್ಮೆಯಿಂದ ನೋಡುವವರನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಇನ್ನು ಅಣ್ಣನ ಆಟದ ಮಾತು. ಚದುರಂಗದ ೬೪ ಮನೆಗಳಲ್ಲಿ ಒಂದೂ ಬಿಡದಂತೆ ಎಲ್ಲವನ್ನೂ ಕಾಯಲು ಎಷ್ಟು ರಾಣಿಗಳು ಬೇಕು? ೫ ಸಾಕು, ನಾಲ್ಕರಿಂದ ಆಗದು. ಹತ್ತೊಂಬತ್ತನೆಯ ಶತಮಾನದ ಈ ಒಗಟಿನಿಂದ ಬೆಳೆದ ಗಣಿತಶಾಖೆಗೆ ನಮ್ಮ ಧಾರವಾಡದ ಕೊಡುಗೆಯು ಸಣ್ಣದಲ್ಲವೆಂಬುದು ಎಷ್ಟು ಜನರಿಗೆ ಗೊತ್ತು? ೧೯೭೯ರಲ್ಲಿ ಇ. ಸಂಪತ್‌ಕುಮಾರರೂ ಎಚ್. ಬಿ. ವಾಲೀಕಾರರೂ ಆ ಪ್ರಶ್ನೆಗೆ ಇನ್ನೊಂದು ಕಟ್ಟನ್ನು ಸೇರಿಸಿದರು: ಕಾಯುವವರು ಎಲ್ಲರನ್ನೂ ಕಾದರಷ್ಟೇ ಸಾಲದು, ತಮ್ಮತಮ್ಮೊಳಗೆ ಒಬ್ಬರಿಗೊಬ್ಬರು ಸೇರಿಕೊಂಡೂ ಇರತಕ್ಕದ್ದು. ಅದೇ ವರ್ಷ ಇವರಿಬ್ಬರೂ ಬಿ. ಡಿ. ಆಚಾರ್ಯರೂ ಕೂಡಿ ಈ ವಿಷಯದ ಮೇಲೆ ಬರೆದ ಉಪನ್ಯಾಸಮಾಲೆಯು ಅಲಹಾಬಾದಿನ ಮೆಹತಾ ಸಂಶೋಧನಾ ಸಂಸ್ಥೆಯಿಂದ ಹೊರಬಿದ್ದಿತು.

ರೋಣದ ಸುತ್ತಣ ಹಳ್ಳಿಗಳನ್ನೇ ಹಿಡಿದು ನೋಡೋಣ. ಪ್ರತಿಯೊಂದು ಹಳ್ಳಿಯಲ್ಲಿ, ಇಲ್ಲವೆ ಅದಕ್ಕೆ ನೇರವಾದ ರಸ್ತೆಯುಳ್ಳ ಪಕ್ಕದ ಹಳ್ಳಿಯಲ್ಲಿ, ಒಂದು ಔಷಧಾಲಯವಿರಬೇಕು. ಔಷಧವು ಒಂದರಿಂದ ಇನ್ನೊಂದಕ್ಕೆ ಔಷಧಾಲಯವಿರುವ ಹಳ್ಳಿಗಳ ಮೂಲಕವೇ ಸಾಗುವಂತಿರಬೇಕು. ಕನಿಷ್ಠ ಎಷ್ಟು ಬೇಕು? ಹತ್ತು ಹಳ್ಳಿಗಳಾದರೆ ಕಾಗದದ ಮೇಲೆ ಗೆರೆ ಹಾಕಿ ಹೇಳಬಹುದು; ಸಾವಿರವಾದರೆ ದೊಡ್ಡ ಗಣಕಯಂತ್ರವೂ ತಿಣುಕುವುದುಂಟು. ತಂತಿಯಿಲ್ಲದೆ ಸುದ್ದಿ ಕಳುಹುವ ಉಪಕರಣಗಳ ಜಾಲಗಳನ್ನು ಹೂಡುವವರು ಮುಂದೆ ಈ ಲೆಕ್ಕವನ್ನೇ ಹುಡುಕಿಕೊಂಡು ಬಂದರು. ೧೯೭೯ರಲ್ಲಿ ಯಾರೂ ಅದನ್ನು ಆ ಕೆಲಸಕ್ಕೆಂದು ಕೇಳಿರಲಿಲ್ಲ.

ಹುಲಿ-ಕುರಿಯೂ ಪದವಿಯ ಸಂಶೋಧನೆಗೆ ಹೊರತಾದುದಲ್ಲ. ನಮ್ಮ ಕಡೆಯ ಮನೆಯಲ್ಲವಾದರೂ, ಅದರ ಬಂಧುವಾದ ನೇಪಾಳದ ಆಟವಿದೆ: ೨೫ ಬಿಂದುಗಳು, ೪ ಹುಲಿ, ೨೦ ಆಡು. ಸಿಂಗಪುರದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಲಿಮ್ ಯೂ ಜಿನ್ ಎಂಬವರು ಯುರ್ಗ್ ನೀವರ್ಗೆಲ್ಟರೊಡನೆ ಇದನ್ನು ಗಣಕಯಂತ್ರದಿಂದ ಶೋಧಿಸಿ, ಎರಡು ಕಡೆಯವರೂ ತಪ್ಪದೆ ಆಡಿದರೆ ಯಾರೂ ಗೆಲ್ಲರೆಂದು ತೋರಿಸಿದರು. ಆ ಬರಹವು ೨೦೦೯ರಲ್ಲಿ ಅಚ್ಚಾದ ಸಂಪುಟವೊಂದರಲ್ಲಿದೆ.

ಒಂದು ಸಂಜೆ ಅಣ್ಣತಂಗಿಯರಿಬ್ಬರೂ ಅದೇ ಕಟ್ಟೆಯ ಮೇಲೆ ಕುಳಿತು ವಾದಿಸುತ್ತಿದ್ದಾಗ, ಈ ಎರಡು ವಿದ್ಯೆಗಳ ನಂಟು ನಮಗೆ ಮೊದಲ ಸಲ ಹೊಳೆಯಿತು. ಡೆನ್ಮಾರ್ಕಿನ ಕೆ. ಡಬ್ಲ್ಯು. ಜೊಹಾನ್ಸನ್ನರು ೧೯೪೩ರ ತಮ್ಮ ಡಾಕ್ಟರ್ ಪದವಿಯ ಪ್ರಬಂಧದಲ್ಲಿ, ಕಾಂಕ್ರೀಟಿನ ಹಾಸು ಯಾವ ಯಾವ ಗೆರೆಗಳಲ್ಲಿ ಮುರಿಯಬಹುದೆಂಬುದನ್ನು ಊಹಿಸಿ ಅದರ ಬಲವನ್ನು ಅಳೆಯುವ ಕ್ರಮವನ್ನು ವಿಸ್ತರಿಸಿದರು. ಇದು ಹುಲಿಯ ಯೋಚನೆ: ಎಲ್ಲಿ ಹಾರಿದರೆ ಹಾಸು ಅತಿ ಸುಲಭವಾಗಿ ಬಿದ್ದೀತು? ಹುಲಿಯು ಅತಿ ದುರ್ಬಲವಾದ ದಾರಿಯನ್ನು ಕಾಣದೆ ಹೋದರೆ, ಹಾಸು ನಿಜಕ್ಕಿಂತ ಬಲವಾಗಿದೆಯೆಂದು ನಾವು ಮೋಸಹೋಗುತ್ತೇವೆ. ಕುರಿಯ ಯೋಚನೆ ಬೇರೆ: ಒಳಗಿನ ಬಲಗಳನ್ನು ಎಲ್ಲಿಯೂ ಮಿತಿ ಮೀರದಂತೆ ಹಂಚಿ, ಇಷ್ಟು ಭಾರವನ್ನು ಖಂಡಿತವಾಗಿ ಹೊರಬಲ್ಲೆನೆಂದು ಹೇಳುವುದು. ಒಂದು ಮೇಲಿನಿಂದ ಇಳಿಯುತ್ತದೆ, ಒಂದು ಕೆಳಗಿನಿಂದ ಏರುತ್ತದೆ. ಎರಡೂ ಪೂರ್ಣವಾದಾಗ ಒಂದೇ ಅಂಕೆಯಲ್ಲಿ ಕೂಡುತ್ತವೆ. ಒಬ್ಬನ ಲಾಭವೇ ಇನ್ನೊಬ್ಬನ ನಷ್ಟವಾಗುವ ಆಟಗಳಲ್ಲಿ ಇಬ್ಬರ ಲೆಕ್ಕಗಳೂ ಹೀಗೆಯೇ ಕೂಡುವುವೆಂದು ಫಾನ್ ನಾಯ್ಮನ್ನರು ೧೯೨೮ರಲ್ಲಿ ಸಾಧಿಸಿದ್ದರು. “ನಿಂದೂ ನಂದೂ ಒಂದ ಲೆಕ್ಕ” ಎಂದು ಅಣ್ಣನು ಹೇಳಿದನು. ತಂಗಿಯು ಒಪ್ಪಲಿಲ್ಲ. ತನ್ನ ಹುಲಿಯು ಕಾಯಿಯನ್ನು ತಿನ್ನುವುದಿಲ್ಲ, ಜನರನ್ನು ತಿನ್ನುತ್ತದೆ ಎಂದಳು. ೨೦೧೯ರ ಮಾರ್ಚಿ ೧೯ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಮಹಡಿಯ ಕಟ್ಟಡವು ಕುಸಿದು ಹಲವರು ಪ್ರಾಣ ಕಳೆದುಕೊಂಡುದನ್ನು ನೆನೆದ ಅಣ್ಣನು ಮತ್ತೆ ಮಾತಾಡಲಿಲ್ಲ.

ನಮ್ಮ ಎರೆನಾಡಿನಲ್ಲಂತೂ ಹುಲಿಯು ಕಾಲ ಕೆಳಗೂ ಇದೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಆಳವಿಲ್ಲದ ಬುನಾದಿಯನ್ನು ವರ್ಷವಿಡೀ ಎತ್ತಿ ಇಳಿಸುತ್ತದೆ. ಮಣ್ಣಿನ ಮಾಳಿಗೆ ಆ ಕುಲುಕಾಟವನ್ನು ತಕ್ಕಮಟ್ಟಿಗೆ ಸಹಿಸುತ್ತಿದ್ದಿತು. ಬಿಗಿಯಾದ ಸ್ಲ್ಯಾಬು ಸಹಿಸದೆ ಸೀಳುತ್ತದೆ. ಹುಡುಗಿಯು ತನ್ನ ಅಭ್ಯಾಸಕ್ಕೆ ಆರಿಸಿಕೊಂಡುದು ಇದನ್ನೇ.

ಹೊಲವನ್ನು ಮಾರಲಿಲ್ಲ. ಒಂದು ಎಕರೆಯನ್ನು ಎರಡು ವರ್ಷದ ಲಾವಣಿಗೆ ಕೊಟ್ಟು ಅವಳ ಶುಲ್ಕವನ್ನು ಕಟ್ಟಿದರು. ಈ ಏರ್ಪಾಡು ತಂದೆಯವರದಲ್ಲ, ಅತ್ತೆಯವರದು.

ಕಳೆದ ಮಾಘಮಾಸದಲ್ಲಿ ಹೊಸ ಸಜ್ಜೆಯನ್ನು ಹಾಕಿಸಿದರು. ಗವಂಡಿಯು ಹಿಂದಿನವನೇ, ಅವನನ್ನು ಬಿಡಬಾರದೆಂದು ಅತ್ತೆಯವರೇ ಹೇಳಿದರಂತೆ. ಮೊಮ್ಮಗಳು ಕಾಗದದಲ್ಲಿ ಬರೆದು ಕಳುಹಿಸಿದ್ದಂತೆ ಸಲಾಕೆಗಳನ್ನು ಮೇಲ್ಮೈಗೆ ತಂದು, ಒಳಮಾಳಿಗೆಯೊಳಕ್ಕೆ ದೂರದವರೆಗೆ ಚಾಚಿ, ಕುಸಿಯದಂತೆ ಕಬ್ಬಿಣದ ಪುಟ್ಟ ಕುರ್ಚಿಗಳ ಮೇಲೆ ಕೂಡಿಸಿದ್ದರು. ಕಾಂಕ್ರೀಟು ಸುರಿಯುವಾಗ ಆಳುಗಳು ಸಲಾಕೆಗಳ ಮೇಲೆ ನಡೆದಾಡಿ ಅವನ್ನು ಕೆಳಕ್ಕೆ ತುಳಿಯುವುದು ವಾಡಿಕೆ; ಮೇಲಿಟ್ಟ ಸಲಾಕೆ ಕೆಳಗೆ ಹೋಗುವುದು ಬಹುಮಟ್ಟಿಗೆ ಹೀಗೆಯೇ. ಎಪ್ಪತ್ತೆಂಟರ ಅತ್ತೆಯವರು ಏಣಿಯೇರಿ ಮಾಳಿಗೆಯ ಮೇಲೆ ಮಣೆ ಹಾಕಿ ಕುಳಿತು, ಕೈಯಲ್ಲಿ ಜೋಳದ ದಂಟೊಂದನ್ನು ಹಿಡಿದು, ಸಲಾಕೆಯ ಮೇಲೆ ಕಾಲಿಟ್ಟವನ ಕಾಲಿಗೆ ತಟ್ಟುತ್ತ ಬೆಳಗಿನಿಂದ ಮಧ್ಯಾಹ್ನದವರೆಗೆ ಕಾದರು. “ಮ್ಯಾಲ ಬರೂದಾದ್ರ ಹಲಗಿ ಹಾಕ್ಕೊಂಡು ಬಾರೋ ತಮ್ಮಾ” ಎಂದು ಅವರು ಕೂಗುತ್ತಿದ್ದುದು ಕೆಳಗೆ ಕಟ್ಟೆಯ ಮೇಲಿದ್ದ ನಮಗೆ ಕೇಳಿಸುತ್ತಿದ್ದಿತು. ಕಳೆದುಹೋದ ಹುಲಿಯ ಬದಲು ಹುಡುಗರು ಒಂದು ಖಡಿಯ ತುಣುಕನ್ನು ಇಟ್ಟುಕೊಂಡಿದ್ದಾರೆ.