ಯಾರ ಎದೆಯ ಪದಕ, ಯಾರ ಬೆನ್ನಿನ ಮೂಟೆ?



ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಸನ್ಮಾನಗಳಿಗೆ ಬರಗಾಲವಿಲ್ಲ. ಆಗಸ್ಟ್ ಹದಿನೈದು ಬಂದರೆ ಸಾಕು, ಶಾಲು, ಹಾರ, ಹಣ್ಣಿನ ತಟ್ಟೆ. ಅದರಲ್ಲಿ ಒಂದು ಬಗೆ 'ವೀರ ಮನೆತನ'ದ ಸನ್ಮಾನ. ಅಜ್ಜ ಸೈನ್ಯದಲ್ಲಿದ್ದರು, ಅಪ್ಪ ಇದ್ದರು, ಈಗ ಮಗ ಇದ್ದಾನೆ, ಅಜ್ಜನ ಪದಕ ಗಾಜಿನ ಪೆಟ್ಟಿಗೆಯಲ್ಲಿ ಉಂಟು. ಸೈನ್ಯಕ್ಕೆ ಹೋದವನನ್ನು ಹಂಗಿಸಲು ಇದನ್ನು ಬರೆಯುತ್ತಿಲ್ಲ. ಗಡಿಯಲ್ಲಿ ಚಳಿಗೆ ನಡುಗುವವನು ಹೆಚ್ಚಾಗಿ ಬಡವನ ಮಗನೇ. ನಮ್ಮ ತಕರಾರು ಮೈಕಿನ ಮುಂದೆ ನಿಂತವನ ಮೇಲೆ. 'ಶೌರ್ಯ ರಕ್ತದಲ್ಲೇ ಬರಬೇಕು, ಕೆಲವು ಮನೆತನಗಳಿಗೆ ಅದು ಹುಟ್ಟುಗುಣ' ಅಂತಾನಲ್ಲ, ಅವನ ಮೇಲೆ. ಆ ಮಾತಿಗೆ ಕೆಳಗೆ ಕೂತ ಹಾಸ್ಟೆಲಿನ ಹುಡುಗ ಸುಮ್ಮನೆ ತಲೆ ಬಗ್ಗಿಸುತ್ತಾನೆ. ನಮ್ಮ ಮನೆಯ ಗೋಡೆಯಲ್ಲಿ ಎಂಥ ಉಂಟು? ಹೊಗೆ ಹಿಡಿದ ಕ್ಯಾಲೆಂಡರ್.

ರಕ್ತದ ಮಾತು ಬಿಡುವ. ಸರ್ಕಾರಿ ಆದೇಶದ ಮಾತು ಆಡುವ.

1818ರ ಜನವರಿ 1ರಂದು ಭೀಮಾ ನದಿಯ ದಡದ ಕೋರೆಗಾಂವ್‌ನಲ್ಲಿ ಕಂಪೆನಿಯ ಸಣ್ಣ ತುಕಡಿಯೊಂದು ಪೇಶ್ವೆಯ ದೊಡ್ಡ ಸೈನ್ಯವನ್ನು ತಡೆದು ನಿಲ್ಲಿಸಿತು. ಅಲ್ಲಿ ನಿಂತಿರುವ ಕಲ್ಲಿನ ಕಂಬದಲ್ಲಿ ಸತ್ತವರ ಹೆಸರುಗಳಿವೆ. ಅದರಲ್ಲಿ 22 ಹೆಸರು ಮಹಾರರವು. ಅಂದರೆ ಅಸ್ಪೃಶ್ಯರವು. ಆಮೇಲೂ ದಶಕಗಟ್ಟಲೆ ಮಹಾರರು ಬೊಂಬಾಯಿ ಸೈನ್ಯದಲ್ಲಿದ್ದರು. ಬಾಬಾಸಾಹೇಬರ ತಾತ ಮಾಲೋಜಿ ಸೈನ್ಯದವರು, ತಂದೆ ರಾಮ್‌ಜಿ ಸಕ್ಪಾಲ್ ಸುಬೇದಾರರು, ತಾಯಿಯ ಕಡೆಯವರೂ ಸೈನ್ಯದವರೇ. 1891ರಲ್ಲಿ ಬಾಬಾಸಾಹೇಬರು ಹುಟ್ಟಿದ್ದೇ ಮಹೂ ದಂಡಿನಲ್ಲಿ. 'ವೀರ ಮನೆತನ' ಅನ್ನುವುದಕ್ಕೆ ಇನ್ನೇನು ಬೇಕು ಮಾರಾಯರೆ?

ಆಗ ಬಂತು ಹೊಸ ಸಿದ್ಧಾಂತ. ದಂಡನಾಯಕ ರಾಬರ್ಟ್ಸ್ ಕಾಲದಲ್ಲಿ ಬ್ರಿಟಿಷರು ಈ ದೇಶದ ಜನರನ್ನು ಕಾಳಗದ ಕುಲ, ಕಾಳಗಕ್ಕೆ ಬಾರದ ಕುಲ ಎಂದು ಎರಡು ಮಾಡಿದರು. ಮನು ಮೊದಲೇ ಗೆರೆ ಎಳೆದಿದ್ದ, ಇವರು ಅದರ ಮೇಲೆ ಮಸಿ ತಿದ್ದಿದರು. 1892-93ರ ಹೊತ್ತಿಗೆ ಮಹಾರರ ಭರ್ತಿ ನಿಂತಿತು. ನಿನ್ನೆಯವರೆಗೆ ಸುಬೇದಾರ್ ಸಾಹೇಬ, ಇವತ್ತು ಮತ್ತೆ ಊರ ಹೊರಗಿನವ. ನಿವೃತ್ತ ಹವಾಲ್ದಾರ್ ಗೋಪಾಲ್ ಬಾಬಾ ವಲಂಗಕರ್ 1894ರಲ್ಲಿ ಅರ್ಜಿ ಬರೆದರು. ಶಿವರಾಮ್ ಜಾನಬಾ ಕಾಂಬ್ಳೆ 1910ರಲ್ಲಿ ಲಂಡನ್ನಿನ ಮಂತ್ರಿಗೇ ಬರೆದರು. ಕೇಳಿದವರು ಯಾರು? ಮಹಾಯುದ್ಧಕ್ಕೆ ಆಳು ಸಾಲದೆ ಹೋದಾಗ, 1917ರಲ್ಲಿ, ಮಹಾರರ ಪಲ್ಟನ್ ಎದ್ದಿತು. ಯುದ್ಧ ಮುಗಿಯಿತು, 1921ರಲ್ಲಿ ಪಲ್ಟನ್ ವಿಸರ್ಜನೆ! ಮತ್ತೆ ಯುದ್ಧ. ಬಾಬಾಸಾಹೇಬರು ಬಿಡದೆ ಒತ್ತಾಯಿಸಿದರು. 1941ರ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟ್ ಹುಟ್ಟಿತು. ಎಲ್ಲಿ ಗೊತ್ತಾ? ನಮ್ಮದೇ ಬೆಳಗಾವಿಯಲ್ಲಿ. ಉತ್ತರದ ಚಮಾರರಿಗೂ 1943ರಲ್ಲಿ ಒಂದು ರೆಜಿಮೆಂಟ್ ಸಿಕ್ಕಿತು, 1946ರಲ್ಲಿ ಅದೂ ಬಂದ್.

ಈಗ ಹೇಳಿ. ರಕ್ತದಲ್ಲಿ ಇದ್ದ ಶೌರ್ಯ 1893ರಲ್ಲಿ ಒಣಗಿ, 1917ರಲ್ಲಿ ಚಿಗುರಿ, 1921ರಲ್ಲಿ ಮತ್ತೆ ಒಣಗಿತೇ? ಮೂರು ತಲೆಮಾರು ಸೈನ್ಯದಲ್ಲಿರಲು ಮೂರು ತಲೆಮಾರಿಗೂ ಬಾಗಿಲು ತೆರೆದಿರಬೇಕು. ಇಷ್ಟೇ ಗುಟ್ಟು.

ನಮ್ಮ ತುಳುನಾಡಿನವರಿಗೆ ಇದು ಹೊಸ ಕತೆಯೇನಲ್ಲ. ನೇಮದ ರಾತ್ರಿ ಭಂಡಾರದಿಂದ ಕಡ್ಸಲೆ ಇಳಿದು ಬರುತ್ತದೆ. ಹಿಡಿಯುವವನು ನಲಿಕೆಯವನು, ಪರವ, ಪಂಬದ. ಅಷ್ಟು ಹೊತ್ತು ಗುತ್ತಿನ ಯಜಮಾನನೂ ಕೈಮುಗಿದು ನಿಲ್ಲುತ್ತಾನೆ. ಬೆಳಗಾಗಿ ಬಣ್ಣ ಒರೆಸಿದ ಮೇಲೆ ಕತ್ತಿ ಭಂಡಾರಕ್ಕೆ, ಹಿಡಿದವನು ಅಂಗಳದಾಚೆಗೆ. ಮಹಾಯುದ್ಧವೆಂದರೆ ಬ್ರಿಟಿಷರ ನೇಮ, ಅಷ್ಟೆ.

ಪದಕದ ವಿಷಯಕ್ಕೆ ಬನ್ನಿ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಸಿಕ್ಕರೆ ಅಂಚನ್ನು ತಿರುಗಿಸಿ ನೋಡಿ, ಪಡೆದವನ ಹೆಸರು, ಪಲ್ಟನ್ ಕೆತ್ತಿರುತ್ತದೆ. ಎದುರಿಗೆ ರಾಜನ ಮುಖ, ಹಿಂದೆ ಕುದುರೆ ಸವಾರ. ಬಂದೂಕು ಹಿಡಿದವನಿಗೆ ಅದು ಬೆಳ್ಳಿಯದು. ಮಣ್ಣು ಅಗೆದ, ಮರ ಕಡಿದ, ಮೂಟೆ ಹೊತ್ತ ಲೇಬರ್ ಕೋರ್‌ನವನಿಗೆ ಕಂಚಿನದು. ಫ್ರಾನ್ಸಿಗೆ ಹೋದ ಆ ಕೂಲಿಗಳಲ್ಲಿ ಸಂತಾಲರು, ನಾಗಾಗಳು ಎಷ್ಟೋ ಜನ. ರಾಜ ಅದೇ, ಕುದುರೆ ಅದೇ, ಯುದ್ಧ ಅದೇ. ಲೋಹ ಮಾತ್ರ ಬೇರೆ! ಚಾವಡಿಯಲ್ಲಿ ಅವರಿಗೆ ಹಿತ್ತಾಳೆ ಲೋಟ, ಅಂಗಳದಲ್ಲಿ ನಮಗೆ ಗೆರಟೆ. ಲೆಕ್ಕ ಒಂದೇ.

ಇನ್ನೂ ಕೆಳಗೆ ಇಳಿದರೆ ಸೂಖಾ ಸಿಗುತ್ತಾನೆ. ಸೈನ್ಯದ ಜಾಡಮಾಲಿ. 1915ರಲ್ಲಿ ಇಂಗ್ಲೆಂಡಿನ ಬ್ರಾಕನ್‌ಹರ್ಸ್ಟ್‌ನ ಭಾರತೀಯ ಆಸ್ಪತ್ರೆಯಲ್ಲಿ ಸತ್ತ. ಅಸ್ಪೃಶ್ಯ ಎಂದು ಹಿಂದೂಗಳು ಸುಡಲು ಒಪ್ಪಲಿಲ್ಲ. ನಮ್ಮವನಲ್ಲ ಎಂದು ಮುಸ್ಲಿಮರು ಹೂಳಲು ಒಪ್ಪಲಿಲ್ಲ. ಕೊನೆಗೆ ಅಲ್ಲಿಯ ಇಗರ್ಜಿಯ ಪಾದ್ರಿ ತಮ್ಮ ಸ್ಮಶಾನದಲ್ಲಿ ಜಾಗ ಕೊಟ್ಟರು, ಊರವರು ಕಲ್ಲು ನೆಟ್ಟರು. ಸಮುದ್ರ ದಾಟಿದರೆ ಜಾತಿ ಹೋಗುತ್ತದೆ ಅನ್ನುತ್ತಿದ್ದರು ಶಾಸ್ತ್ರದವರು. ಜಾಡಮಾಲಿಯ ಜಾತಿ ಮಾತ್ರ ಹೋಗಲಿಲ್ಲ ನೋಡಿ.

ಇನ್ನು ನಮ್ಮೂರು. 1837ರ ದಂಗೆಯ ದಂಡು ಸುಳ್ಯದಿಂದ ಹೊರಟು ಪಾಣೆಮಂಗಳೂರು, ಬಂಟ್ವಾಳ ದಾಟಿ ಮಂಗಳೂರಿಗೆ ಹೋಯಿತು. ಬಾವುಟಗುಡ್ಡೆಯಲ್ಲಿ 2022ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯೂ ಎದ್ದಿತು. ಏಳಲಿ, ಬೇಡ ಅಂದವರಾರು? ಆದರೆ ಆ ದಂಡಿನ ಅಕ್ಕಿ ಮುಡಿ ಹೊತ್ತವರು, ದಾರಿ ಕಡಿದವರು ಯಾರು, ಅವರ ಹೆಸರೇನು ಎಂದು ಒಬ್ಬನಾದರೂ ಕೇಳಿದನೇ? 1801ರಲ್ಲಿ ಈ ಸೀಮೆಯಲ್ಲಿ ತಿರುಗಾಡಿದ ಕಂಪೆನಿಯ ಬುಕಾನನ್, ಗದ್ದೆಯ ಜೀತದಾಳುಗಳನ್ನು ಕಂಡು ಬರೆದಿಟ್ಟಿದ್ದಾನೆ. 'ಮೂಲದ ಹೊಲೆಯ' ಎಂಬ ಮಾತು ನಿಮ್ಮ ಅಜ್ಜಿಯಂದಿರಿಗೆ ಗೊತ್ತು. ಗುತ್ತಿನ ಮನೆಯಲ್ಲಿ ಕತ್ತಿ ತಲೆಮಾರಿನಿಂದ ತಲೆಮಾರಿಗೆ ಬಂತು. ನಾವೂ ಬಂದೆವು, ಗದ್ದೆಯ ಜೊತೆ.

ಇಲ್ಲೊಂದು ಮಾತು ನಮ್ಮವರಿಗೇ ಹೇಳಬೇಕು. 'ನಾವೂ ಕಾಳಗದ ಕುಲ' ಎಂದು ಮೀಸೆ ತಿರುವುವ ಚಟ ಕೆಲವರಿಗೆ ಹತ್ತಿದೆ. ಬಾಬಾಸಾಹೇಬರು 1927ರ ಜನವರಿ 1ರಂದು ಕೋರೆಗಾಂವ್ ಕಂಬದ ಬಳಿ ಹೋದದ್ದು ಕಂಪೆನಿಗೆ ನಮಸ್ಕಾರ ಹಾಕಲು ಅಲ್ಲ. ನಮ್ಮ ಹೆಣ ಬೇಕಾಯಿತು, ನಮ್ಮ ನೌಕರಿ ಬೇಡವಾಯಿತೋ ಎಂದು ಕೇಳಲು. ಅವರ ಮನೆತನದಲ್ಲಿ ಕೆಳಗಿಳಿದು ಬಂದ ದೊಡ್ಡ ಆಸ್ತಿ ಪದಕವಲ್ಲ, ಅಕ್ಷರ. ಕಂಪೆನಿ ಸೈನ್ಯದಲ್ಲಿ ಸಿಪಾಯಿಗಳ ಮಕ್ಕಳಿಗೆ, ಹೆಣ್ಣುಮಕ್ಕಳಿಗೂ, ಶಾಲೆ ಇತ್ತು. ರಾಮ್‌ಜಿ ಅಂಥ ಶಾಲೆಯ ಹೆಡ್‌ಮಾಸ್ಟರು. ಭರ್ತಿ ನಿಂತಾಗ ಸಂಬಳದ ಜೊತೆ ಆ ಶಾಲೆಯ ಬಾಗಿಲೂ ಮುಚ್ಚಿತು. ನಮ್ಮ ಜಿಲ್ಲೆಯಲ್ಲಿ ದಂಡಿನ ಶಾಲೆಯ ಭಾಗ್ಯ ನಮ್ಮವರಿಗೆ ಇರಲಿಲ್ಲ. 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾಯರಂಥವರು ಬರಬೇಕಾಯಿತು.

ಅದೆಲ್ಲ ಹಳೇ ಕತೆ ಅಂತೀರಾ? ರಾಷ್ಟ್ರಪತಿಗಳ ಅಂಗರಕ್ಷಕ ದಳಕ್ಕೆ ಜಾಟರು, ರಜಪೂತರು, ಸಿಖ್ಖರನ್ನು ಮಾತ್ರ ತೆಗೆದುಕೊಳ್ಳುತ್ತೇವೆ ಎಂದು 2013ರಲ್ಲಿ ಸುಪ್ರೀಂ ಕೋರ್ಟಿಗೆ ಸೈನ್ಯವೇ ಹೇಳಿದೆ. ಎತ್ತರ, ಮೈಕಟ್ಟು ಅಂತ ಕಾರಣ. ನಮ್ಮ ಹುಡುಗರಲ್ಲಿ ಎತ್ತರದವರೇ ಇಲ್ವಾ? 2022ರ ಅಗ್ನಿಪಥದಲ್ಲಿ ನಾಲ್ಕು ವರ್ಷದ ನೌಕರಿ, ನೂರಕ್ಕೆ ಹೆಚ್ಚೆಂದರೆ 25 ಮಂದಿಗೆ ಮುಂದುವರಿಕೆ, ಉಳಿದವರಿಗೆ ಪಿಂಚಣಿ ಇಲ್ಲ. ನಮ್ಮ ಹುಡುಗರು ರ್‍ಯಾಲಿಗೆ ಓಡಲಿ, ಬೇಡ ಅನ್ನುವುದಿಲ್ಲ. ಆದರೆ ನಾಲ್ಕು ವರ್ಷದ ಮೇಲೆ ಏನು ಎಂದು ಲೆಕ್ಕ ಹಾಕಿ ಓಡಲಿ.

ಮನೆತನದ ಸನ್ಮಾನ ಮಾಡುವ ಮಹನೀಯರಿಗೆ ಒಂದು ಪ್ರಶ್ನೆ. ನಮಗೂ ಒಂದು ಬಿರುದು ಬಂದಿತ್ತಲ್ಲ, ಡಿ.ಸಿ. ಮನ್ನಾ? ಮದರಾಸು ಸರ್ಕಾರದ ಕಾಲದಲ್ಲಿ ಡಿಪ್ರೆಸ್ಡ್ ಕ್ಲಾಸ್‌ನವರಿಗೆಂದು ಕಾದಿರಿಸಿದ ಜಾಗ. ಅದನ್ನು ಹಂಚಿ ಎಂದು ಬಂಟ್ವಾಳದಲ್ಲಿ, ಬೆಳ್ತಂಗಡಿಯಲ್ಲಿ ನಮ್ಮವರು ಕೇಳುತ್ತಲೇ ಬಂದಿದ್ದಾರೆ. ಪದಕ ಗಾಜಿನ ಪೆಟ್ಟಿಗೆಯಲ್ಲಿ ಭದ್ರ. ನಮ್ಮ ಮನ್ನಾ ಎಷ್ಟೋ ಕಡೆ ಬೇರೆಯವರ ರಬ್ಬರು, ಅಡಿಕೆ ತೋಟದೊಳಗೆ ಭದ್ರ.

ಹಾಸ್ಟೆಲಿನ ತಮ್ಮಂದಿರೇ, ತಂಗಿಯಂದಿರೇ, ರಜೆಯಲ್ಲಿ ಊರಿಗೆ ಹೋದಾಗ ಎರಡು ಕೆಲಸ ಮಾಡಿ. ನಿಮ್ಮ ಕಾಲನಿಯಲ್ಲಿ ದಂಡಿಗೆ, ಬಂದರಿಗೆ, ಘಟ್ಟದ ತೋಟಕ್ಕೆ ಹೋಗಿ ತಿರುಗಿ ಬಾರದವರ ಹೆಸರನ್ನು ಹಿರಿಯರಿಂದ ಕೇಳಿ ಪುಸ್ತಕದಲ್ಲಿ ಬರೆದಿಡಿ. ಆಮೇಲೆ ಮಾಹಿತಿ ಹಕ್ಕಿನ ಅರ್ಜಿಯೊಂದನ್ನು ತಾಲೂಕು ಕಚೇರಿಗೆ ಹಾಕಿ, ನಿಮ್ಮ ಗ್ರಾಮದ ಡಿ.ಸಿ. ಮನ್ನಾ ಜಾಗದ ಸರ್ವೆ ನಂಬರು, ಎಕರೆ, ಈಗ ಅನುಭೋಗದಲ್ಲಿರುವವರ ಹೆಸರು ಕೇಳಿ. ಉತ್ತರ ಬಂದರೆ ಸಂಘಟನೆಯವರಿಗೆ ಮುಟ್ಟಿಸಿ. ಬಾರದಿದ್ದರೆ ಅರ್ಜಿಯ ನಕಲನ್ನೇ ಮುಟ್ಟಿಸಿ.