ಬರೀ ಅಡಿಕೆ ತಾನೇ?

ಊರಿಂದ ಬರುವಾಗ ನಮ್ಮ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಸಾರಿನಪುಡಿ, ಹಪ್ಪಳದ ಜೊತೆ ಅಡಿಕೆ ಪೊಟ್ಟಣವೂ ಬರುತ್ತದೆ. ಊಟ ಆದಮೇಲೆ ಒಂದು ಚೂರು, ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬರದಿರಲಿ ಅಂತ ಇನ್ನೊಂದು ಚೂರು. "ತಂಬಾಕು ಇಲ್ವಲ್ಲ, ಬರೀ ಅಡಿಕೆ, ಏನೂ ಆಗಲ್ಲ" ಅಂತ ನಮಗೆ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಈ ಸಮಾಧಾನ ಸುಳ್ಳು.

ಗಾಯವಾದ ಜಾಗ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುವುದೇ ಉರಿಯೂತ. ಅದು ಒಳ್ಳೆಯದೇ. ಬಿಳಿ ರಕ್ತಕಣಗಳು ಓಡಿಬಂದು ರೋಗಾಣುಗಳನ್ನು ಕೊಲ್ಲುತ್ತವೆ, ಗಾಯ ಮಾಯುತ್ತದೆ, ಊತ ಇಳಿಯುತ್ತದೆ. ತೊಂದರೆ ಇರುವುದು ಅದು ಇಳಿಯದೆ ವರ್ಷಗಟ್ಟಲೆ ಉಳಿದಾಗ. ಆ ಕಣಗಳು ಬಿಡುವ ತೀಕ್ಷ್ಣ ರಾಸಾಯನಿಕಗಳು ನಮ್ಮದೇ ಜೀವಕೋಶಗಳ ಡಿಎನ್‌ಎಗೂ ಪೆಟ್ಟು ಕೊಡುತ್ತವೆ. ಜೊತೆಗೆ, ಗಾಯ ಮುಚ್ಚಲು ಬೆಳೆಯಿರಿ ಎಂಬ ಸಂದೇಶವೂ ನಿಲ್ಲುವುದಿಲ್ಲ. ಡಿಎನ್‌ಎ ಕೆಟ್ಟ ಕೋಶವೂ ಬೆಳೆಯುತ್ತಾ ಹೋಗುತ್ತದೆ. ಜರ್ಮನಿಯ ರುಡಾಲ್ಫ್ ವಿರ್ಖೋ 1863ರಲ್ಲೇ ಈ ನಂಟನ್ನು ಊಹಿಸಿದ್ದರು. 1986ರಲ್ಲಿ ಅಮೆರಿಕದ ಹೆರಾಲ್ಡ್ ಡ್ವೊರಾಕ್ ಕ್ಯಾನ್ಸರ್ ಗೆಡ್ಡೆಯನ್ನು ಮಾಯದ ಗಾಯಕ್ಕೆ ಹೋಲಿಸಿದರು. ಹೆಪಟೈಟಿಸ್ ಬಿ ಯಕೃತ್ತಿನಲ್ಲಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಅಡಿಕೆಯ ಒರಟು ನಾರು, ಅದರಲ್ಲಿರುವ ಅರೆಕೋಲಿನ್ ಬಾಯಿಯ ಒಳಚರ್ಮವನ್ನು ದಿನವೂ ಕೆರಳಿಸುತ್ತವೆ. ಕೆಲವರಿಗೆ ಒಳಗೆಲ್ಲ ನಾರುಗಟ್ಟಿ, ಖಾರ ತಿಂದರೆ ಉರಿದು, ಕೊನೆಗೆ ಬಾಯಿ ಪೂರ್ತಿ ತೆರೆಯಲೂ ಆಗಲ್ಲ. ಅದು ಕ್ಯಾನ್ಸರಿಗೆ ತಿರುಗಬಹುದು. ಜಗಿದವರಿಗೆಲ್ಲ ಬರುತ್ತದೆ ಅಂತಲ್ಲ. ಆದರೆ ತಂಬಾಕು ಇಲ್ಲದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲೇ ಹೇಳಿದೆ.

ಇದನ್ನು ಬರೆಯೋದು ನಮಗೆ ಸುಲಭವಲ್ಲ. ದೇಶದಲ್ಲೇ ಹೆಚ್ಚು ಅಡಿಕೆ ಬೆಳೆಯುವುದು ಕರ್ನಾಟಕ. ನಮ್ಮಲ್ಲಿ ಕೆಲವರ ಫೀಸು ಬಂದಿದ್ದೇ ತೋಟದಿಂದ. ಅಪ್ಪ ಬೆವರು ಸುರಿಸಿ ಬೆಳೆದದ್ದನ್ನು ಕೆಟ್ಟದ್ದು ಅನ್ನಲು ಬಾಯಿ ಬರೋದಿಲ್ಲ. ಆದರೂ ತೋಟದ ಋಣ ತೀರಿಸೋಕೆ ನಾವು ಜಗಿಯಲೇಬೇಕು ಅಂತೇನಿಲ್ಲವಲ್ಲ? ತಾಂಬೂಲದ ಮರ್ಯಾದೆ ಹಾಗೇ ಇರಲಿ. ಅಡಿಕೆ ತಟ್ಟೆಯಲ್ಲಿರಲಿ, ದವಡೆಯಲ್ಲಿ ಬೇಡ.

ನಮ್ಮ ಸಂಘದ ಹಬ್ಬದೂಟದ ಕೊನೆಗೆ ಈ ಸಲ ಸೋಂಪು ಇಡೋಣ. ಬಾಯಿಹುಣ್ಣು ಎರಡು ವಾರ ಕಳೆದರೂ ಮಾಯದಿದ್ದರೆ, ಬಿಳಿ ಮಚ್ಚೆ ಕಂಡರೆ, ಸೆಮಿಸ್ಟರ್ ಮುಗೀಲಿ ಅಂತ ಕಾಯದೆ ವೈದ್ಯರಿಗೆ ತೋರಿಸೋಣ. ಮುಂದಿನ ಸಲ ಮನೆಗೆ ಫೋನ್ ಮಾಡಿದಾಗ, "ಊಟ ಆಯ್ತಾ?" ಆದಮೇಲೆ ಇದನ್ನೂ ಕೇಳೋಣ: "ಅಪ್ಪಾ, ಬಾಯಿ ಪೂರ್ತಿ ತೆಗೆಯಕ್ಕೆ ಆಗತ್ತಾ?"